ಗಟ್ಟಿಯಾಗಿ ಓದಿ

6 ಫೆಬ್ರವರಿ 1989, ಸೋಮವಾರ. ಬೆಳ್ತಂಗಡಿ

ಇವತ್ತು ಆಫೀಸಿಗೆ ಫ್ಯಾಕ್ಸ್ ಮೆಷಿನ್ ಬಂತು. ಮಂಗಳೂರಿನ ಮೆಕ್ಯಾನಿಕ್ ಅದನ್ನು ನನ್ನ ಮೇಜಿನ ಮೇಲೆ, ಕಿಟಿಕಿಯ ಹತ್ತಿರ, ಫೋನಿನ ಪಕ್ಕದಲ್ಲಿ ಕೂರಿಸಿ ಹೋದ. ಬಂಟ್ವಾಳದ ಹೆಡ್ ಆಫೀಸಿನಲ್ಲಿ ಒಂದು, ಮೂಡಬಿದ್ರೆಯ ಗೇರುಬೀಜದ ಕಾರ್ಖಾನೆಯಲ್ಲಿ ಒಂದು, ನಮ್ಮ ಈ ಖರೀದಿ ಆಫೀಸಿನಲ್ಲಿ ಒಂದು. ಕಂಪೆನಿಯ ಗುಟ್ಟಿನ ಕಾಗದಗಳು ಇನ್ನು ಜವಾನ ಜತ್ತಪ್ಪನ ಚೀಲದಲ್ಲಿ ಬಸ್ಸು ಹತ್ತುವುದಿಲ್ಲವಂತೆ, ತಂತಿಯಲ್ಲೇ ಬರುತ್ತವಂತೆ. ಮೂರು ಕಡೆಯೂ ಮೆಷಿನನ್ನು ಒಬ್ಬೊಬ್ಬರೇ ಮುಟ್ಟಬೇಕೆಂದು ಧಣಿಗಳ ಕಟ್ಟಪ್ಪಣೆ. ಇಲ್ಲಿ ಮುಟ್ಟುವವಳು ನಾನು.

ಕೇಳಿ ನಗು ಬಂತು. ಹನ್ನೊಂದು ವರ್ಷದ ಹಿಂದೆ ಇದೇ ಕಂಪೆನಿಯಲ್ಲಿ ಒಬ್ಬ ಮಹಾನುಭಾವ ನನ್ನ ಬಗ್ಗೆ 'ಗುಟ್ಟಿನ ಕೆಲಸಕ್ಕೆ ಇವರು ಯೋಗ್ಯರಲ್ಲ' ಎಂದು ಬರೆದಿದ್ದ. ಹೆಸರು ಶಿವಸುಬ್ರಹ್ಮಣ್ಯ. ಆಗ ಬಂಟ್ವಾಳದಲ್ಲಿ ನನ್ನ ಮೇಲಿನವನು, ಈಗ ಮೂಡಬಿದ್ರೆ ಕಾರ್ಖಾನೆಯ ಮೆನೇಜರ್. ಧಣಿಗಳ ಖಾಸಾ ಟೈಪಿಸ್ಟ್ ಕೆಲಸ ನನಗೆ ಬಂದೇಬಿಟ್ಟಿತು ಎಂದು ಎಲ್ಲರೂ ಹೇಳುತ್ತಿದ್ದ ದಿನಗಳು ಅವು. ಅವನು ಬರೆದ ಗೋಪ್ಯ ವರದಿ ಧಣಿಗಳ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಮೇಲಿನ ಸಾಲುಗಳನ್ನು ಒಂದು ಡಬ್ಬಿ ಮುಚ್ಚಿತ್ತು, ಕೆಳಗಿನ ಆ ಒಂದು ಸಾಲು ನನಗೆ ಕಾಣುತ್ತಿತ್ತು. ಅದೇ ತಿಂಗಳು ನನ್ನನ್ನು ಇಲ್ಲಿಗೆ ಎಸೆದರು. ಅಮ್ಮನನ್ನೂ ಎರಡು ಟ್ರಂಕನ್ನೂ ಕಟ್ಟಿಕೊಂಡು ಬಂದವಳಿಗೆ ಗೋಣಿಯ ಧೂಳು ತಿನ್ನುತ್ತ ನಲವತ್ತೈದು ದಾಟಿತು.

ಆ ಸಾಲನ್ನು ನಾನು ಮರೆತಿಲ್ಲ. ಅವನ ನಿವೃತ್ತಿಗೆ ಇನ್ನು ಒಂದು ವರ್ಷ ಉಂಟಂತೆ. ನನಗೆ ಒಂದು ವರ್ಷ ಸಾಕು.

10 ಫೆಬ್ರವರಿ, ಶುಕ್ರವಾರ

ಮೊದಲ ಫ್ಯಾಕ್ಸಿಗೇ ಎಡವಟ್ಟು. ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಕ್ಕಿದ ಮೇಲೆ ಎರಡೂ ಕಡೆ 'ರೆಡಿಯಾ?' ಎಂದು ಕೇಳಿಕೊಂಡು ಗುಂಡಿ ಒತ್ತಬೇಕು. ಮೆಷಿನ್ ಕಿರುಚುತ್ತದೆ, ಆಮೇಲೆ ಬಿಸಿ ಬಿಸಿ ಕಾಗದ ಸುರುಳಿ ಸುತ್ತಿಕೊಂಡು ಹೊರಗೆ ಬರುತ್ತದೆ. ಅರ್ಧ ಬಂದಿತ್ತು, ಅಷ್ಟರಲ್ಲಿ ಎಕ್ಸ್‌ಚೇಂಜಿನವನು ನಡುವೆ ಬಾಯಿ ಹಾಕಿ 'ಮೂರು ನಿಮಿಷ ಆಯ್ತು' ಎಂದ. ಅವನ ಮಾತು ಕಾಗದದ ಮೇಲೆ ಕಪ್ಪು ಪಟ್ಟಿಯಾಗಿ ಬಿತ್ತು. ಒಂದು ಸಾಲು ಪೂರ್ತಿ ಅದರ ಅಡಿಗೆ ಹೋಯಿತು. ನಮ್ಮ ಮೆನೇಜರ್ ಅಬ್ದುಲ್ ವಹಾಬ್ ಸಾಹೇಬರು ಅಂದಾಜಿನ ಮೇಲೆ ಲಾರಿಯನ್ನು ವಾಮದಪದವಿಗೆ ಕಳಿಸಿದರು. ಅದು ಹೋಗಬೇಕಾಗಿದ್ದದ್ದು ಪಾಣೆಮಂಗಳೂರಿಗೆ.

ಧಣಿಗಳು ಹೊಸ ಕ್ರಮ ಮಾಡಿದ್ದಾರೆ. ಯಾವ ಕಾಗದ ಬಂದರೂ ಪಡೆದವರು ಕೂಡಲೇ ತಿರುಗಿ ಫೋನ್ ಮಾಡಿ ಮೇಲಿನಿಂದ ಕೆಳಗಿನವರೆಗೆ ಓದಿ ಹೇಳಬೇಕು. ಕಳಿಸಿದವರು ಅಸಲು ಕಾಗದದ ಮೇಲೆ ಬೆರಳಿಟ್ಟು ನೋಡಿ ಕೊನೆಗೆ 'ಸರಿ ಉಂಟು' ಎನ್ನಬೇಕು. ಅಲ್ಲಿಯವರೆಗೆ ಫೋನ್ ಇಡುವ ಹಾಗಿಲ್ಲ.

ಬಂಟ್ವಾಳದ ಮೆಷಿನ್ ವಾಗ್ದೇವಿಯ ಕೈಯಲ್ಲಿ. ನನಗೆ ಸಿಗಬೇಕಾಗಿದ್ದ ಕುರ್ಚಿಯಲ್ಲಿ ಈಗ ಕೂತಿರುವವಳು, ಶಿವಸುಬ್ರಹ್ಮಣ್ಯನ ತಂಗಿಯ ಮಗಳು. ಬೇರೆ ಹೇಳುವುದು ಬೇಡ.

21 ಫೆಬ್ರವರಿ, ಮಂಗಳವಾರ

ಹನ್ನೊಂದು ವರ್ಷದ ಮೇಲೆ ಅವನ ಸ್ವರ ಕೇಳಿದೆ. ಮೂಡಬಿದ್ರೆಯಿಂದ ಬಂದ ಫ್ಯಾಕ್ಸನ್ನು ನಾನು ಅವನಿಗೇ ಓದಿ ಹೇಳಬೇಕಾಯಿತು. ಎರಡು ಸಾಲು ಓದಿರಲಿಲ್ಲ, ಆಸಾಮಿ ಶುರು ಮಾಡಿದ.

"ಶಂಕರಿಯಮ್ಮ, ಸ್ವಲ್ಪ ಮೆಲ್ಲ ಹೇಳಿ. ನಿಮ್ಮ ಸ್ವರ ಇಲ್ಲಿ ಫೋನಿನ ಹೊರಗೂ ಕೇಳ್ತದೆ."

ಮೈಯೆಲ್ಲ ಉರಿಯಿತು. ನನ್ನ ಬಾಯಿಯ ಮೇಲಿನಿಂದ ಇವನ ಕಣ್ಣು ಇನ್ನೂ ಹೋಗಿಲ್ಲ! ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸ, ಅಮ್ಮನಿಗೆ ಎರಡೂ ಕಿವಿ ಮಂದ. ಮನೆಯಲ್ಲಿ ಅನ್ನಕ್ಕೆ ಕರೆಯಬೇಕಾದರೂ ನಾಲ್ಕು ಮನೆಗೆ ಕೇಳುವ ಹಾಗೆ ಕರೆಯಬೇಕು. ಮೂವತ್ತು ವರ್ಷದಿಂದ ಹಾಗೇ. ಅದು ಅವನಿಗೇನು ಗೊತ್ತು? ಉಳಿದದ್ದನ್ನು ಇನ್ನೂ ಒಂದು ಪಟ್ಟು ಗಟ್ಟಿಯಾಗಿ ಓದಿದೆ. ಕೊನೆಗೆ ಅವನು 'ಸರಿ ಉಂಟು' ಎಂದ, ನಾನು ಫೋನ್ ಕುಕ್ಕಿದೆ.

ಕಿಟಿಕಿಯ ಆಚೆ ಶೇಷಪ್ಪನ ಹೋಟೆಲು. ಅಲ್ಲಿ ರುಬ್ಬುವ ಕಲ್ಲಿನಲ್ಲಿ ಅಕ್ಕಿ ಕಡೆಯುವ ಪೂವಮ್ಮ ಕೂರುವುದು ಸರಿಯಾಗಿ ಕಿಟಿಕಿಯ ಬುಡದಲ್ಲಿ. ನನ್ನ ಸಿಟ್ಟು ಗೊತ್ತಾಯಿತೋ ಏನೋ, ಎರಡು ಗೋಳಿಬಜೆ ಎಲೆಯಲ್ಲಿ ಇಟ್ಟು ಕಿಟಿಕಿಯಿಂದ ಒಳಗೆ ನೀಡಿದಳು. "ತಿನ್ನಿ ಅಕ್ಕ, ಬಿಸಿ ಉಂಟು." ತಿಂದೆ.

14 ಮಾರ್ಚ್, ಮಂಗಳವಾರ

ಇವತ್ತು ಧಣಿಗಳೇ ಲೈನಿನಲ್ಲಿ. ವಾಗ್ದೇವಿಯನ್ನು ಊಟಕ್ಕೆ ಕಳಿಸಿ ತಾವೇ ಗುಂಡಿ ಒತ್ತಿದ್ದಾರೆ! ಕಾಗದ ನೋಡಿದೆ. ಏಪ್ರಿಲ್ ಒಂದರಿಂದ ಮೂಡಬಿದ್ರೆ ಕಾರ್ಖಾನೆ ಮುಚ್ಚುವುದು. ಈ ತಿಂಗಳ ಹತ್ತೊಂಬತ್ತಕ್ಕೆ, ಭಾನುವಾರ, ಬೀಜ ಒಡೆಯುವ ಹೆಂಗಸರಿಗೆ ರಜೆ ಇರುವಾಗ ಯಂತ್ರಗಳನ್ನೆಲ್ಲ ಲಾರಿಗೆ ಹಾಕಿ ಬೆಳ್ತಂಗಡಿಯ ಗೋದಾಮಿಗೆ ತರುವುದು. ಕೊನೆಗೆ, ಈ ವಿಷಯ ಯಾರಿಗೂ ತಿಳಿಯಬಾರದು.

ವಹಾಬ್ ಸಾಹೇಬರು ಮಡಂತ್ಯಾರಿಗೆ ಖರೀದಿಗೆ ಹೋಗಿದ್ದರು. ಬಾಗಿಲು ಹಾಕಿ, ಚಿಲಕ ಹಾಕಿ, ಧಣಿಗಳಿಗೆ ಓದಿ ಹೇಳಿದೆ. ಲೈನ್ ಬಹಳ ಕೆಟ್ಟದಿತ್ತು. "ಎಂಥದು? ಕೇಳುವುದಿಲ್ಲ, ಗಟ್ಟಿಯಾಗಿ ಓದಿ" ಎಂದು ಅವರು ಮೂರು ಸಲ ಹೇಳಿದರು. ಎದ್ದು ನಿಂತು ಓದಿದೆ. ಕೊನೆಯ ಸಾಲನ್ನಂತೂ ಒಂದೊಂದೇ ಶಬ್ದ ಬಿಡಿಸಿ ಎರಡು ಸಲ ಓದಿದೆ. "ಸರಿ ಉಂಟು ಶಂಕರಿ. ನಿಮಗೂ ಶಿವಸುಬ್ರಹ್ಮಣ್ಯರಿಗೂ ಮಾತ್ರ ಇದು ಗೊತ್ತಿರುವುದು" ಎಂದರು.

ಯೋಗ್ಯರಲ್ಲವಂತೆ! ಈಗ ಬಂದು ನೋಡಲಿ.

15 ಮಾರ್ಚ್, ಬುಧವಾರ

ಗೋಳಿಬಜೆ ಇಲ್ಲ. ಪೂವಮ್ಮ ತಂಗಿಯನ್ನು ನೋಡಲಿಕ್ಕೆಂದು ಬೆಳಗಿನ ಬಸ್ಸಿಗೇ ಮೂಡಬಿದ್ರೆಗೆ ಹೋದಳಂತೆ. ಶೇಷಪ್ಪನೇ ಕಡೆಯಲು ಕೂತು ಗೊಣಗುತ್ತಿದ್ದ.

20 ಮಾರ್ಚ್, ಸೋಮವಾರ

ಬರೆಯಲು ಕೈ ತವಕಿಸುತ್ತಿದೆ. ನಿನ್ನೆ ಲಾರಿಗಳು ಮೂಡಬಿದ್ರೆಗೆ ಹೋದರೆ ಕಾರ್ಖಾನೆಯ ಗೇಟಿನ ಎದುರು ಇನ್ನೂರು ಹೆಂಗಸರು! ಕೆಲವರು ಮಕ್ಕಳನ್ನೂ ತಂದು ನೆಲದಲ್ಲಿ ಕೂತಿದ್ದರಂತೆ. ಲಾರಿಯ ಚಕ್ರದ ಎದುರು ಮಲಗಿದವರೂ ಉಂಟಂತೆ. ಮಧ್ಯಾಹ್ನದವರೆಗೆ ಕಾದು ಲಾರಿಗಳು ಬರಿದೇ ಬಂದವು. ಪೇಪರಿನವರು ಬಂದರೆಂದು ಧಣಿಗಳು ಹೆದರಿ ಕಾರ್ಖಾನೆ ಮುಚ್ಚುವುದನ್ನು ಒಂದು ವರ್ಷ ಮುಂದೆ ಹಾಕಿದ್ದಾರೆ.

ಯಾರು ಬಾಯಿ ಬಿಟ್ಟದ್ದು ಎಂದು ಧಣಿಗಳು ಕೆಂಡಾಮಂಡಲ. ಯಾರೆಂದು ಬೇರೆ ಕೇಳಬೇಕಾ? ಗೊತ್ತಿದ್ದವರು ಇಬ್ಬರು. ಒಬ್ಬಳು ನಾನು, ಜತ್ತಪ್ಪನ ಹತ್ತಿರ ಕೂಡ ಉಸಿರೆತ್ತಿಲ್ಲ, ಅಮ್ಮನಿಗೂ ಹೇಳಿಲ್ಲ. ಇನ್ನೊಬ್ಬ ಹೆಂಗಸರ ಹೆರಿಗೆಗೆ, ಮದುವೆಗೆ ರಜೆ ಕೊಟ್ಟು ಒಳ್ಳೆಯವನೆಂದು ಹೆಸರು ಮಾಡಿಕೊಂಡ ಪುಣ್ಯಾತ್ಮ.

ಇವತ್ತು ಅಮ್ಮನಿಗೆ ಪಾಯಸ ಮಾಡಿ ಬಡಿಸಿದೆ. "ಏನು ವಿಶೇಷ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

23 ಮಾರ್ಚ್, ಗುರುವಾರ

ಧಣಿಗಳ ಫೋನು. ಅವನು ಒಪ್ಪುವುದೂ ಇಲ್ಲವಂತೆ, ಅಲ್ಲಗಳೆಯುವುದೂ ಇಲ್ಲವಂತೆ, ಸುಮ್ಮನಿದ್ದಾನಂತೆ. "ನಿಮಗೆ ಏನಾದರೂ ಗೊತ್ತುಂಟಾ ಶಂಕರಿ? ಇದ್ದರೆ ಬರೆದು ಕಳಿಸಿ."

ಹದಿನಾಲ್ಕರ ಸಂಜೆ ನಾನು ಗೋಣಿಯ ವಿಷಯಕ್ಕೆ ಮೂಡಬಿದ್ರೆಗೆ ಫೋನ್ ಮಾಡಿದ್ದು ನಿಜ. ಅವನ ಕೋಣೆಯಲ್ಲಿ ಹೆಂಗಸರ ಮಾತು ಕೇಳಿದ್ದೂ ನಿಜ. ಹೆಂಗಸರ ಕಾರ್ಖಾನೆಯಲ್ಲಿ ಮತ್ತೆ ಯಾರ ಮಾತು ಕೇಳಬೇಕು? ಅಷ್ಟನ್ನು ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಬರೆದೆ: 'ಭಾನುವಾರ ಎಂದು ಮೆನೇಜರರು ಅವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.'

ಅದು ಬಿದ್ದಿರಲಿಲ್ಲ. ಆದರೂ ಬರೆದೆ. ಅವನು ಒಂದು ಸಾಲು ಬರೆದು ನನ್ನ ಹನ್ನೊಂದು ವರ್ಷ ತಿಂದ. ನನ್ನದೂ ಒಂದೇ ಸಾಲು.

ವಹಾಬ್ ಸಾಹೇಬರು ಕಾಗದ ಓದಿ ಕನ್ನಡಕ ತೆಗೆದರು.

"ಶಂಕರಿಯಕ್ಕ, ಇದು ನೀವು ಕೇಳಿದ್ದು ಹೌದಾ?"

"ಹೌದು ಸಾಹೇಬ್ರೆ."

"ಅವರಿಗೆ ಇಬ್ಬರು ಹೆಣ್ಣುಮಕ್ಕಳ ಮದುವೆ ಆಗ್ಲಿಕ್ಕುಂಟು. ಮತ್ತೊಂದು ಸಲ ಆಲೋಚನೆ ಮಾಡಿ, ಆಗದಾ?"

"ಹನ್ನೊಂದು ವರ್ಷ ಆಲೋಚನೆ ಮಾಡಿ ಆಗಿದೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೆಷಿನಿಗೆ ಕಾಗದ ಕೊಟ್ಟೆ. ಆ ಕಡೆ ಧಣಿಗಳೇ ತೆಗೆದುಕೊಂಡು ಓದಿ ಹೇಳಿದರು. ನನ್ನ ಸುಳ್ಳು ಅವರ ಬಾಯಿಯಲ್ಲಿ ಸತ್ಯದ ಹಾಗೇ ಕೇಳಿತು. ಸರಿ ಉಂಟು ಎಂದೆ.

2 ಏಪ್ರಿಲ್, ಭಾನುವಾರ

ಏನೂ ಸುದ್ದಿ ಇಲ್ಲ. ತಡ ಯಾಕೋ.

12 ಏಪ್ರಿಲ್, ಬುಧವಾರ

ಜತ್ತಪ್ಪ ಬಂಟ್ವಾಳದಿಂದ ಅರಗು ಹಾಕಿದ ಲಕೋಟೆ ತಂದ. ಶಿವಸುಬ್ರಹ್ಮಣ್ಯನ ವಜಾ ಆದೇಶ. ಜೊತೆಗೆ ಧಣಿಗಳ ಚೀಟಿ: 'ವಾಗ್ದೇವಿಯ ಕೈಗೆ ಇದು ಬೇಡ. ಮೂಡಬಿದ್ರೆಗೆ ನೀವೇ ಫ್ಯಾಕ್ಸ್ ಮಾಡಿ.' ನಾನು ಹರಕೆ ಹೇಳಿಕೊಂಡಿದ್ದರೂ ಇಷ್ಟು ಸರಿಯಾಗಿ ಕೈಗೂಡುತ್ತಿರಲಿಲ್ಲ. ಇವತ್ತು ಹೊಸ ಸೀರೆ ಉಟ್ಟಿದ್ದೂ ಒಳ್ಳೆಯದಾಯಿತು ಎಂದುಕೊಂಡೆ.

ಲೈನ್ ಸಿಕ್ಕಿತು. ಗುಂಡಿ ಒತ್ತಿದೆ. ಹೋಯಿತು. ಐದು ನಿಮಿಷಕ್ಕೆ ತಿರುಗಿ ಫೋನ್ ಬಂತು. ಕ್ರಮ ಅಂದರೆ ಕ್ರಮ, ಅವನು ಅದನ್ನು ನನಗೆ ಓದಿ ಹೇಳಲೇಬೇಕು. ಮೆಲ್ಲಗೆ ಓದಲು ಶುರು ಮಾಡಿದ. ಲೈನ್ ಸ್ವಚ್ಛ ಇತ್ತು, ಪ್ರತಿಯೊಂದು ಅಕ್ಷರ ಕೇಳುತ್ತಿತ್ತು.

"ಕೇಳುವುದಿಲ್ಲ" ಎಂದೆ. "ಗಟ್ಟಿಯಾಗಿ ಓದಿ."

ಆ ಕಡೆ ಆಫೀಸಿನಲ್ಲಿ ಟೈಪ್ ಮಾಡುವ ಶಬ್ದ ನಡೆದಿತ್ತು. ಅವನು ಗಂಟಲು ಸರಿಮಾಡಿ ಗಟ್ಟಿಯಾಗಿ ಓದಿದ. ಕಂಪೆನಿಯ ನಂಬಿಕೆಗೆ ದ್ರೋಹ ಮಾಡಿದ್ದರಿಂದ, ಬೆಳ್ತಂಗಡಿ ಆಫೀಸಿನ ಶ್ರೀಮತಿ ಶಂಕರಿಯವರ ಹೇಳಿಕೆಯ ಆಧಾರದಲ್ಲಿ, ಈ ತಿಂಗಳ ಮೂವತ್ತರಿಂದ ಕೆಲಸದಿಂದ ತೆಗೆಯಲಾಗಿದೆ. ನಿವೃತ್ತಿಯ ಯಾವ ಸೌಲಭ್ಯವೂ ಇರುವುದಿಲ್ಲ. ಟೈಪಿನ ಶಬ್ದ ನಿಂತಿತು. ನನ್ನ ಹೆಸರು ಬಂದಲ್ಲಿಯೂ ಸ್ವರ ಏರಲಿಲ್ಲ, ಇಳಿಯಲಿಲ್ಲ. 'ಶ್ರೀಮತಿ' ಎಂಬುದನ್ನು ಮಾತ್ರ 'ಕುಮಾರಿ' ಎಂದು ತಿದ್ದಿ ಓದಿದರು.

"ಸರಿ ಉಂಟಾ?"

"ಸರಿ ಉಂಟು."

"ಫೋನ್ ಇಡಬೇಡಿ ಶಂಕರಿಯಮ್ಮ. ಪೂವಮ್ಮನ ತಂಗಿ ನಮ್ಮಲ್ಲಿ ಬೀಜ ಒಡೆಯುವ ಕೆಲಸಕ್ಕೆ ಬರ್ತಾಳೆ. ಅದು ನಿಮಗೆ ಗೊತ್ತುಂಟಾ?"

"ಯಾವ ಪೂವಮ್ಮ?"

"ನಿಮ್ಮ ಕಿಟಿಕಿಯ ಕೆಳಗೆ ಅಕ್ಕಿ ಕಡೆಯುವ ಪೂವಮ್ಮ."

ತಿರುಗಿ ನೋಡಿದೆ, ಕಿಟಿಕಿ ತೆರೆದೇ ಇತ್ತು.

"ನೀವು ಧಣಿಗಳಿಗೆ ಓದಿ ಹೇಳಿದ್ದು ಅವಳಿಗೆ ಒಂದಕ್ಷರ ಬಿಡದೆ ಕೇಳಿದೆ. ಹದಿನೈದಕ್ಕೆ ಹೆಂಗಸರು ಬಂದು ನನ್ನ ಹತ್ತಿರ ಹೌದಾ ಅಂತ ಕೇಳಿದ್ರು. ನಾನು ಇಲ್ಲ ಅಂತ ಹೇಳ್ಲಿಲ್ಲ. ಹಾಗೆ ನೋಡಿದ್ರೆ ನನ್ನದೂ ತಪ್ಪುಂಟು."

"ಧಣಿಗಳಿಗೆ ಯಾಕೆ ಹೇಳ್ಲಿಲ್ಲ ನೀವು?"

"ನಿಮ್ಮ ಬಗ್ಗೆ ನಾನು ಒಂದು ಸಲ ಬರೆದಿದ್ದೇನಲ್ಲ. ಕೆಲಸ ಚೊಕ್ಕ, ಮನಸ್ಸು ಚೊಕ್ಕ, ತಾಯಿಗೆ ಕಿವಿ ಕೇಳದ ಕಾರಣ ಸ್ವರ ಮಾತ್ರ ದೊಡ್ಡದು, ಹಾಗಾಗಿ ಗುಟ್ಟಿನ ಕೆಲಸಕ್ಕೆ ಯೋಗ್ಯರಲ್ಲ ಅಂತ. ನಿಮ್ಮನ್ನು ಅಲ್ಲಿಗೆ ಹಾಕ್ತಾರೆ ಅಂತ ನಾನು ಎಣಿಸಿರ್ಲಿಲ್ಲ. ಈಗ ಪುನಃ ಅದನ್ನೇ ಬರೆದು ಕೊಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಎಕ್ಸ್‌ಚೇಂಜಿನವನು 'ಮೂರು ನಿಮಿಷ ಆಯ್ತು' ಎಂದು ಲೈನ್ ಕತ್ತರಿಸಿದ.

13 ಏಪ್ರಿಲ್, ಗುರುವಾರ

ಬರೆಯಲು ಏನೂ ಇಲ್ಲ.

15 ಏಪ್ರಿಲ್, ಶನಿವಾರ

ಸುಳ್ಳು. ತಪ್ಪಿಸಿಕೊಳ್ಳಲಿಕ್ಕೆ ಕಟ್ಟಿದ ಕಥೆ. ಅಮ್ಮನ ಕಿವಿಯ ವಿಷಯ ಅವರಿಗೆ ಹೇಗೆ ಗೊತ್ತು? ನಾನು ಬಂಟ್ವಾಳದಲ್ಲಿ ಯಾರಿಗೂ ಹೇಳಿದವಳಲ್ಲ. ಒಂದು ಸಲ ಅಮ್ಮ ಆಫೀಸಿಗೆ ಊಟದ ಬುತ್ತಿ ತಂದಿದ್ದರು, ಆಗ ಕುರ್ಚಿ ಕೊಟ್ಟು ಕೂರಿಸಿದ್ದು ಶಿವಸುಬ್ರಹ್ಮಣ್ಯರೇ. ಅಷ್ಟೇ.

17 ಏಪ್ರಿಲ್, ಸೋಮವಾರ

ಶೇಷಪ್ಪನ ಹೋಟೆಲಿನ ಒಳಗೆ ಇಷ್ಟು ವರ್ಷದಲ್ಲಿ ಕಾಲಿಟ್ಟವಳಲ್ಲ. ಇವತ್ತು ಹೋಗಿ ಕಿಟಿಕಿಯ ಪಕ್ಕದ ಬೆಂಚಿನಲ್ಲಿ ಕೂತೆ. ನಮ್ಮ ಆಫೀಸಿನಲ್ಲಿ ವಹಾಬ್ ಸಾಹೇಬರು ಫೋನಿನಲ್ಲಿ ಮಾತಾಡುತ್ತಿದ್ದರು. ಗುಣುಗುಣು ಎಂಬ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ನೋಡು, ಕೇಳುವುದಿಲ್ಲ ಎಂದು ಜೀವ ತಣ್ಣಗಾಯಿತು.

"ಶೇಷಪ್ಪ, ನಾನು ಮಾತಾಡುವುದು ಇಲ್ಲಿಗೆ ಕೇಳ್ತದಾ?" ಎಂದೆ, ಸುಮ್ಮನೆ ಕೇಳಿದ ಹಾಗೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮಾರಾಯ್ರೆ ಅಕ್ಕ! ನಿಮ್ಮ ಫ್ಯಾಕ್ಸ್ ಬಂತು ಅಂದ್ರೆ ನಾವು ರೇಡಿಯೊ ಬಂದ್ ಮಾಡ್ತೇವೆ. ಗಿರಾಕಿಗಳು ಇನ್ನೊಂದು ಚಾ ತಗೊಂಡು ಕೂರ್ತಾರೆ."

ಪೂವಮ್ಮ ಕಲ್ಲಿನ ಹತ್ತಿರ ತಲೆ ತಗ್ಗಿಸಿ ಕೂತಿದ್ದಳು. ಕೈ ನಿಂತಿತ್ತು. ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಚಾ ಅರ್ಧಕ್ಕೆ ಬಿಟ್ಟು ಬಂದೆ.

18 ಏಪ್ರಿಲ್, ಮಂಗಳವಾರ

ಈ ಮನುಷ್ಯ ನನ್ನನ್ನು ಕ್ಷಮಿಸಿ ಕೂತಿದ್ದಾರೆ! ಕ್ಷಮೆ ಕೇಳಿದವರು ಯಾರು? ನಾನು ಹನ್ನೊಂದು ವರ್ಷ ಕಾದು ಹೊಡೆದರೆ, ಅವರು ಏಟು ತಿಂದು ದೊಡ್ಡವರಾಗುವುದಂತೆ. ಮೂಡಬಿದ್ರೆಯ ಹೆಂಗಸರು ದಿನಾ ಅವರ ಮನೆಗೆ ಹೋಗಿ ಬರುತ್ತಾರಂತೆ, ಕೆಲಸ ಉಳಿಸಿದ ದೇವರಂತೆ. ಉಳಿಸಿದ್ದು ನನ್ನ ಗಂಟಲು! ಕೆಲಸ ಕಳಕೊಂಡದ್ದು ಅವರು. ನನಗೆ ಅವರ ಉಪಕಾರ ಬೇಡ. ಅವರ ದಯೆಯಲ್ಲಿ ಒಂದು ದಿನವೂ ಆಫೀಸಿನ ನನ್ನ ಕುರ್ಚಿಯಲ್ಲಿ ಕೂರಲಾರೆ. ಆ ಉಪಕಾರವನ್ನು ಅವರ ಮುಖಕ್ಕೇ ಎಸೆಯುತ್ತೇನೆ.

ಅಮ್ಮನ ಕಿವಿ ಇನ್ನೂ ಮಂದವಾಗಿದೆ. "ನಾಲ್ಕು ದಿನದಿಂದ ನೀನು ಹೇಳುವುದು ಒಂದೂ ಕೇಳುವುದಿಲ್ಲ ಮಗಾ" ಎನ್ನುತ್ತಾರೆ. ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

19 ಏಪ್ರಿಲ್, ಬುಧವಾರ

ಬೆಳಿಗ್ಗೆ ಹೋದವಳೇ ಟೈಪ್ ಮಾಡಿದೆ. ಮಾರ್ಚ್ ಹದಿನಾಲ್ಕರ ಕಾಗದವನ್ನು ಕಿಟಿಕಿ ತೆರೆದಿಟ್ಟು ಗಟ್ಟಿಯಾಗಿ ಓದಿದವಳು ನಾನು. ವಿಷಯ ಹೊರಗೆ ಹೋದದ್ದು ಅಲ್ಲಿಂದ. ಶಿವಸುಬ್ರಹ್ಮಣ್ಯರ ಬಗ್ಗೆ ನಾನು ಬರೆದ ಕೊನೆಯ ಸಾಲು ನನ್ನ ಸ್ವಂತ ಸೃಷ್ಟಿ. ಹಳೆಯ ದ್ವೇಷದಿಂದ ಬರೆದದ್ದು. ಅವರನ್ನು ತೆಗೆದ ಆದೇಶ ಹಿಂದೆ ಪಡೆಯಬೇಕು. ಹೊರಗೆ ಕೇಳಿದವರು ಯಾರು ಎಂಬುದು ನನಗೆ ಗೊತ್ತಿಲ್ಲ ಎಂದೂ ಸೇರಿಸಿದೆ. ಅಕ್ಕಿ ಕಡೆಯುವವಳ ಹೆಸರು ಧಣಿಗಳಿಗೆ ಯಾಕೆ? ಕೆಳಗೆ ರುಜು ಹಾಕಿದೆ.

ವಹಾಬ್ ಸಾಹೇಬರಿಗೆ ಮೊದಲು ತೋರಿಸಿದೆ. ಓದಿದರು. "ನಿಮ್ಮ ಕೆಲಸ ಹೋಗ್ತದೆ ಅಕ್ಕ. ಅಮ್ಮನನ್ನು ನೋಡ್ಲಿಕ್ಕೆ ಬೇರೆ ಯಾರುಂಟು?" ಎಂದರು. ಟೈಪಿಂಗ್ ಕಲಿಸಿಯಾದರೂ ಬದುಕುತ್ತೇನೆ ಎಂದೆ. ಅವರು ಎದ್ದು ಹೊರಗೆ ಹೋದರು.

ಧಣಿಗಳು ಮಂಗಳೂರಿಗೆ ಹೋಗುವುದು ಬುಧವಾರ ಎಂದು ನನಗೆ ನೆನಪಿತ್ತು. ನೆನಪಿಟ್ಟುಕೊಂಡೇ ಇವತ್ತು ಆರಿಸಿದ್ದು. ಬಂಟ್ವಾಳದಲ್ಲಿ ವಾಗ್ದೇವಿ ಲೈನಿಗೆ ಬಂದಳು. ಗುಂಡಿ ಒತ್ತಿದೆ. ಕಾಗದ ಒಳಗೆ ಹೋಗಿ ಈ ಕಡೆಯಿಂದ ಹೊರಗೆ ಬಂತು. ಐದು ನಿಮಿಷ ಆಯಿತು, ಫೋನ್ ಬರಲಿಲ್ಲ. ಹತ್ತು ನಿಮಿಷಕ್ಕೆ ಬಂತು.

"ಶಂಕರಿಯಕ್ಕ, ಬಂದಿದೆ" ಎಂದಳು. ಸ್ವರ ಸಣ್ಣ ಇತ್ತು. "ಧಣಿಗಳಿಗೆ ಕೊಡ್ತೇನೆ. ಓದುವುದು ಬೇಡ, ಆಗದಾ?"

"ಕ್ರಮ ಉಂಟು. ಓದು."

ಮೊದಲ ಸಾಲನ್ನು ಗಂಟಲೊಳಗೇ ಓದಿದಳು. ನಿಲ್ಲಿಸಿದಳು. "ಇಲ್ಲಿ ಎಲ್ಲರೂ ಇದ್ದಾರೆ ಅಕ್ಕ. ಕೇಶಿಯರ್, ಟೈಪಿನವರು, ಹೊರಗೆ ಲಾರಿಯವರು."

"ಇರಲಿ" ಎಂದೆ. ನನ್ನ ಮಾತು ನನಗೇ ಸರಿಯಾಗಿ ಕೇಳಲಿಲ್ಲ. ಹತ್ತಿರ ಬಾಯಿಟ್ಟು ಇನ್ನೊಮ್ಮೆ ಹೇಳಿದೆ. "ಎದ್ದು ನಿಂತು ಓದು ವಾಗ್ದೇವಿ. ನಿನ್ನ ಮಾವನ ಹೆಸರು ಬರುವಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿ ಓದು."

ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು. ಅವಳು ಓದಿದಳು. ಒಂದು ಕಡೆ ಸ್ವರ ಒಡೆಯಿತು, ಆಮೇಲೆ ಸರಿಯಾಯಿತು. ನಾನು ಅಸಲಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಕೆಳಗೆ ಬಂದೆ, ನನ್ನ ರುಜುವಿನವರೆಗೆ. ಎಲ್ಲಿಯೂ ಒಂದಕ್ಷರ ತಪ್ಪಿರಲಿಲ್ಲ.

"ಸರಿ ಉಂಟು" ಎಂದೆ.